ಗಾಳಿ ಹಾಸಿಗೆ, ಕಮೋಡ್ ಕುರ್ಚಿ, ರಾತ್ರಿ ಪಾಳಿಯ ಆಯಾ, ಬಾಡಿಗೆ ಮಂಚ: ಹಾಸಿಗೆ ಹಿಡಿದ ಹಿರಿಯರಿರುವ ಕಲಬುರಗಿ ಮನೆಗೆ ಯಾವುದು ಮೊದಲು?

ಪಾರ್ಶ್ವವಾಯು ಹೊಡೆದೋ ಸೊಂಟದ ಮೂಳೆ ಮುರಿದೋ ಆಸ್ಪತ್ರೆ ಸೇರಿದ ಅಪ್ಪನನ್ನೋ ಅವ್ವನನ್ನೋ ಮನೆಗೆ ಕಳಿಸುವ ದಿನ ಕೈಗೊಂದು ಚೀಟಿ ಬರುತ್ತದೆ: ಫೌಲರ್ ಮಂಚ (ಹಿಡಿಕೆ ತಿರುಗಿಸಿ ಬೆನ್ನು, ಮೊಣಕಾಲು ಎತ್ತುವ ಆಸ್ಪತ್ರೆ ಮಂಚ), ಏರ್ ಬೆಡ್ ಎಂಬ ಗಾಳಿ ಹಾಸಿಗೆ, ಕಮೋಡ್ ಚೇರ್ (ಸೀಟಿನ ಕೆಳಗೆ ಬಕೆಟ್ ಇರುವ ಶೌಚದ ಕುರ್ಚಿ), ನೋಡಿಕೊಳ್ಳಲು ಒಬ್ಬರು. ಚೀಟಿ ಹಿಡಿದು ಸರ್ಜಿಕಲ್ ಅಂಗಡಿಗೆ ಹೋದವರು ಮೊದಲು ಹೇರಿಕೊಂಡು ಬರುವುದು ಮಂಚವನ್ನು. ಅದು ದೊಡ್ಡದು, ನೋಡಲು ಬಂದ ಬೀಗರ ಕಣ್ಣಿಗೆ ಬೀಳುತ್ತದೆ, ದೂರದ ಊರಲ್ಲಿರುವ ಮಗ ‘ನಾನು ಕೊಡಿಸಿದ್ದು’ ಎಂದು ಹೇಳಿಕೊಳ್ಳಬಹುದು. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಮಂಚದ ಮೇಲೆ ಟೊಂಕದ ಹತ್ತಿರ ಹುಣ್ಣು ಎದ್ದಿರುತ್ತದೆ. ಅಲ್ಲಿಂದ ಜಗಳ ಶುರು: ಮನೆಯಲ್ಲಿದ್ದ ಸೊಸೆ ಸರಿಯಾಗಿ ನೋಡಲಿಲ್ಲ ಎಂದು ಮಗಳು, ರಾತ್ರಿ ಎದ್ದವರಾರು ಎಂದು ಸೊಸೆ.

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ದುಡ್ಡು ಹಾಕುವ ಕ್ರಮ ಹೀಗಿರಲಿ: ಒಂದು, ಗಾಳಿ ಹಾಸಿಗೆ. ಎರಡು, ಕಮೋಡ್ ಕುರ್ಚಿ. ಮೂರು, ರಾತ್ರಿಗೆ ಒಬ್ಬರು. ಇಷ್ಟಾದ ಮೇಲೆ ದುಡ್ಡು ಉಳಿದರೆ ಮಂಚ. ನಾಲ್ಕನ್ನೂ ನಮ್ಮ ಭಾಗದ ಮನೆಗಳ ಬಾಗಿಲಿಗೆ, ಶಹಾಬಾದ ಫರಸಿಗೆ, ಇಲ್ಲಿನ ಬಿಸಿಲಿಗೆ, ಕರೆಂಟಿಗೆ ಹೋಲಿಸಿ ನೋಡಿದ್ದೇವೆ.

ಗಾಳಿ ಹಾಸಿಗೆ

ಇದರಲ್ಲಿ ಎರಡು ಬಗೆ. ಒಂದು ಬಬಲ್: ಪಿವಿಸಿ ಹಾಳೆಯ ಮೇಲೆ ನೂರಕ್ಕೂ ಹೆಚ್ಚು ಉಬ್ಬುಗಳು. ಇನ್ನೊಂದು ಟ್ಯೂಬ್: ಬಿಡಿಬಿಡಿಯಾಗಿ ಅಡ್ಡಡ್ಡ ಜೋಡಿಸಿದ ದಪ್ಪ ಕೊಳವೆಗಳು. ಎರಡರ ಕೆಲಸವೂ ಒಂದೇ. ಪಂಪು ಒಂದು ಸಾಲಿಗೆ ಗಾಳಿ ತುಂಬುವಾಗ ಪಕ್ಕದ ಸಾಲು ಇಳಿಯುತ್ತದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಅದಲುಬದಲು. ಹಾಗಾಗಿ ಟೊಂಕದ ಕೆಳಗಿನ ಎಲುಬು, ಹಿಮ್ಮಡಿ, ಹೆಗಲೆಲುಬಿನ ಮೇಲೆ ಭಾರ ಒಂದೇ ಕಡೆ ಕೂರುವುದಿಲ್ಲ. ಭಾರ ಕೂತಲ್ಲಿ ರಕ್ತ ಓಡುವುದಿಲ್ಲ, ರಕ್ತ ಓಡದ ಚರ್ಮ ಸಾಯುತ್ತದೆ. ಹಾಸಿಗೆ ಹುಣ್ಣು ಎಂದರೆ ಇಷ್ಟೇ.

ಬಬಲ್ ಹಾಸಿಗೆ ಪಂಪು ಸಮೇತ ಸುಮಾರು 2,000ದಿಂದ 4,000 ರೂಪಾಯಿ. ಟ್ಯೂಬ್‌ನದು ಅದರ ಎರಡು ಪಟ್ಟಿಗಿಂತ ಹೆಚ್ಚು. ಹಗುರ ಮೈಯವರು, ಸ್ವಲ್ಪವಾದರೂ ತಾವೇ ಹೊರಳಬಲ್ಲವರು ಬಬಲ್‌ನಲ್ಲಿ ನೀಗಿಸಬಹುದು. ಪೂರ್ತಿ ಅಲುಗಾಡದವರಿಗೆ, ದಪ್ಪ ಮೈಯವರಿಗೆ, ಆಸ್ಪತ್ರೆಯಲ್ಲೇ ಹುಣ್ಣು ಶುರುವಾದವರಿಗೆ ಟ್ಯೂಬ್ ಬೇಕು. ಟ್ಯೂಬ್‌ನಲ್ಲಿ ಒಂದು ಕೊಳವೆ ತೂತಾದರೆ ಅದನ್ನಷ್ಟೇ ಬದಲಾಯಿಸಬಹುದು. ಬಬಲ್ ತೂತಾದರೆ ಜೊತೆಗೆ ಕೊಟ್ಟ ತೇಪೆ ಅಂಟಿಸಬೇಕು, ಹೊಲಿಗೆ ಅಂಚಿನಲ್ಲಿ ಬಿಟ್ಟರೆ ತೇಪೆಯೂ ನಿಲ್ಲುವುದಿಲ್ಲ. ಇದನ್ನು ಬಾಡಿಗೆಗೆ ತರಬೇಡಿ, ಕೊಂಡುಕೊಳ್ಳಿ. ಇನ್ನೊಬ್ಬರ ಮೈಗೆ, ಮೂತ್ರಕ್ಕೆ ತಾಗಿದ ಪಿವಿಸಿ ಒಳಗೊಳಗೇ ಸೀಳಿರುತ್ತದೆ, ವಾಸನೆ ಹೋಗುವುದಿಲ್ಲ.

ಹಾಸುವುದರಲ್ಲಿ ಆಗುವ ತಪ್ಪುಗಳೇ ಹಾಸಿಗೆಯ ಅರ್ಧ ಗುಣವನ್ನು ಕೊಲ್ಲುತ್ತವೆ. ಮಂಚದ ಹಲಗೆಯ ಮೇಲೆ ನೇರ ಹಾಸಬಾರದು. ಕೆಳಗೆ ನಾಲ್ಕು ಇಂಚಿನ ಹತ್ತಿಯದೋ ಫೋಮಿನದೋ ಗಾದಿ ಇರಬೇಕು. ಉಬ್ಬು ಮೇಲ್ಮುಖವಾಗಿ, ನಳಿಕೆಗಳು ಕಾಲಿನ ಕಡೆ. ಎರಡೂ ತುದಿಯ ಪಟ್ಟಿಯನ್ನು ಗಾದಿಯ ಕೆಳಗೆ ಮಡಚಿ ಸಿಗಿಸಬೇಕು. ಪಂಪನ್ನು ಕಾಲುಕಡೆಯ ಅಡ್ಡಪಟ್ಟಿಗೆ ಕೊಕ್ಕೆಯಿಂದ ತೂಗುಹಾಕಿ. ನೆಲದ ಮೇಲಿಟ್ಟರೆ ಧೂಳು ಎಳೆಯುತ್ತದೆ, ಕಾಲು ತಾಗಿ ನಳಿಕೆ ಕೀಳುತ್ತದೆ. ಮೊದಲ ಸಲ ಪೂರ್ತಿ ತುಂಬಲು ಅರ್ಧ ಗಂಟೆ ಬೇಕು. ಅದಾದ ಮೇಲೆ ಮಾತ್ರ ಮಲಗಿಸಬೇಕು.

ಹಾಸಿಗೆಯ ಮೇಲೆ ಒಂದೇ ಒಂದು ತೆಳು ಹತ್ತಿಯ ಚಾದರ. ನಮ್ಮ ಕಡೆ ಇಲ್ಲಿಯೇ ದೊಡ್ಡ ತಪ್ಪಾಗುತ್ತದೆ. ಅವ್ವನಿಗೆ ಮೆತ್ತಗಿರಲಿ ಎಂದು ಮಗಳು ತವರಿಗೆ ಬಂದಾಗ ಮೇಲೊಂದು ಕೌದಿ ಹಾಸುತ್ತಾಳೆ, ಒದ್ದೆಯಾಗದಿರಲಿ ಎಂದು ಸೊಸೆ ಅದರ ಮೇಲೆ ರಬ್ಬರ್ ಶೀಟು ಎಳೆಯುತ್ತಾಳೆ. ಇಬ್ಬರದೂ ಕಾಳಜಿಯೇ. ಆದರೆ ಕೌದಿಯ ಹತ್ತು ಪದರ ದಾಟಿ ಗಾಳಿಯ ಉಬ್ಬಿಳಿತ ಮೈಗೆ ತಲುಪುವುದಿಲ್ಲ, ರಬ್ಬರಿನ ಮೇಲೆ ಬೆವರು ನಿಂತು ಚರ್ಮ ನೆನೆದು ಮೆತ್ತಗಾಗುತ್ತದೆ. ಒದ್ದೆಗೆ ಬಳಸಿ ಬಿಸಾಡುವ ಅಂಡರ್‌ಪ್ಯಾಡ್ ಒಂದು ಸಾಕು, ಅದೂ ಸೊಂಟದ ಕೆಳಗಷ್ಟೇ.

ಪಂಪಿನ ಮೇಲೊಂದು ತಿರುಗಣಿ ಇರುತ್ತದೆ. ಗಟ್ಟಿಯಾದಷ್ಟೂ ಒಳ್ಳೆಯದು ಎಂದು ಅದನ್ನು ಕೊನೆಯವರೆಗೆ ತಿರುಗಿಸಿದರೆ ಹಲಗೆಯ ಮೇಲೆ ಮಲಗಿಸಿದಂತೆಯೇ. ಸರಿಯಾದ ಪರೀಕ್ಷೆ ಕೈಯಲ್ಲಿದೆ: ಅಂಗೈ ಮೇಲ್ಮುಖ ಮಾಡಿ ಗಾಳಿ ಹಾಸಿಗೆಯ ಕೆಳಗೆ, ಟೊಂಕದ ಎಲುಬಿನ ನೇರಕ್ಕೆ ತೂರಿಸಿ. ಎಲುಬು ಮತ್ತು ಕೈಯ ನಡುವೆ ಸುಮಾರು ಒಂದು ಇಂಚು ಗಾಳಿ ಇರಬೇಕು. ಎಲುಬು ಕೈಗೆ ತಾಗಿದರೆ ಗಾಳಿ ಕಡಿಮೆ. ಉಬ್ಬುಗಳು ಕಲ್ಲಿನಂತಿದ್ದರೆ ಹೆಚ್ಚು. ದಿನಕ್ಕೊಮ್ಮೆ ಒಬ್ಬರೇ ಈ ಪರೀಕ್ಷೆ ಮಾಡಿ, ಸರಿಯಾದ ಅಂಕೆಯ ಮೇಲೆ ಬಿಳಿ ಪಟ್ಟಿ ಅಂಟಿಸಬೇಕು. ನೋಡಲು ಬಂದ ಪ್ರತಿಯೊಬ್ಬರೂ ತಿರುಗಣಿ ಮುಟ್ಟುವ ಮನೆಯಲ್ಲಿ ಹಾಸಿಗೆ ಎಂದೂ ಸರಿಯಿರುವುದಿಲ್ಲ.

ಕರೆಂಟಿನ ವಿಷಯ. ಪಂಪು ಎಳೆಯುವುದು ಸಣ್ಣ ಎಲ್‌ಇಡಿ ಬಲ್ಬಿನಷ್ಟು ಮಾತ್ರ, ಇನ್ವರ್ಟರಿಗೆ ಅದೊಂದು ಲೆಕ್ಕವೇ ಅಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಲೈನು ಫ್ಯಾನು-ಲೈಟಿಗಿದೆ, ಮಂಚದ ಹತ್ತಿರದ ಪ್ಲಗ್ಗಿಗಿಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಆ ಒಂದು ಪ್ಲಗ್ ಇನ್ವರ್ಟರ್‌ಗೆ ಹಾಕಿಸುವುದು ಮೊದಲ ದಿನದ ಕೆಲಸ. ಇನ್ವರ್ಟರ್ ಇಲ್ಲದ ಮನೆಯಲ್ಲಿ ಕರೆಂಟ್ ಹೋದ ಕೂಡಲೇ ಎರಡೂ ನಳಿಕೆ ಕಿತ್ತು, ಮಡಚಿ, ಬಟ್ಟೆ ಕ್ಲಿಪ್ ಹಾಕಿದರೆ ಗಾಳಿ ಕೆಲ ಹೊತ್ತು ನಿಲ್ಲುತ್ತದೆ.

ಬಿಸಿಲಿಗೆ ಪಿವಿಸಿ ಹೊಂದುವುದಿಲ್ಲ ಎಂಬುದು ನಿಜವಾದ ದೋಷ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟಿದಾಗ ಬೆನ್ನು ಬೆವರಿ ಚಾದರ ಅಂಟುತ್ತದೆ. ದಿನಕ್ಕೆ ಮೂರು ಸಲ ಚಾದರ ಬದಲಿಸಬೇಕು. ಕೂಲರ್ ಇಡಿ, ಆದರೆ ತೇವದ ಗಾಳಿ ನೇರ ಹಾಸಿಗೆಗೆ ಬಡಿಯದಂತೆ ಪಕ್ಕಕ್ಕೆ ತಿರುಗಿಸಿ, ಎದುರಿನ ಕಿಟಕಿ ತೆರೆದಿಡಿ. ಪೌಡರ್ ಸುರಿಯಬೇಡಿ. ಬೆವರಿನಲ್ಲಿ ಕಲಸಿ ಗಂಟಾಗಿ ಮಡಿಕೆಗಳಲ್ಲಿ ಉಜ್ಜುತ್ತದೆ. ಸ್ಪಿರಿಟ್ ಹಚ್ಚುವ ಹಳೆಯ ರೂಢಿಯೂ ಬೇಡ, ಚರ್ಮ ಒಣಗಿ ಬಿರಿಯುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಅಂಗಡಿಯಲ್ಲಿ ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ಮನೆಯಲ್ಲಿ ‘ಏರ್ ಬೆಡ್ ಇದೆಯಲ್ಲ’ ಎಂದು ಎಲ್ಲರೂ ಮಲಗಿಬಿಡುತ್ತಾರೆ. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ತೊಡೆಯ ಕೀಲಿನ ಎಲುಬಿನ ಮೇಲೆ ಭಾರ ಬೀಳುತ್ತದೆ. ಬೆನ್ನ ಹಿಂದೆ ತಲೆದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾರೆ ಮಾಡಿದರೆ ಸಾಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬು, ಹಿಮ್ಮಡಿ ಎಲ್ಲಿಯೂ ತಾಗದೆ ತೇಲುತ್ತಿರಬೇಕು. ಮಗ್ಗುಲು ಬದಲಿಸಿದಾಗಲೆಲ್ಲ ಚರ್ಮ ನೋಡಿ. ಕೆಂಪಗಾದಲ್ಲಿ ಬೆರಳಿನಿಂದ ಒತ್ತಿ ಬಿಟ್ಟಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಹೊತ್ತಿದೆ. ಒತ್ತಿದರೂ ಬೆಳ್ಳಗಾಗದಿದ್ದರೆ ಹುಣ್ಣು ಶುರುವಾಗಿದೆ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬಾರದು, ರಬ್ಬರ್ ಉಂಗುರದ ಮೇಲೆ ಕೂರಿಸಲೂಬಾರದು. ಉಂಗುರ ಸುತ್ತಲಿನ ರಕ್ತವನ್ನೂ ತಡೆಯುತ್ತದೆ. ಆ ಜಾಗದ ಮೇಲೆ ಭಾರ ಹಾಕದೆ ಡಾಕ್ಟರಿಗೆ ತೋರಿಸಿ. ಮೈಬಣ್ಣ ಕಪ್ಪಗಿದ್ದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಸುತ್ತಲಿಗಿಂತ ಬಿಸಿ, ಗಟ್ಟಿ ಅನಿಸುವುದೇ ಗುರುತು.

ಕಮೋಡ್ ಕುರ್ಚಿ

ಎದ್ದು ಕೂರಬಲ್ಲ ಹಿರಿಯರಿಗೆ ಡೈಪರ್‌ಗಿಂತ ಮೊದಲು ಇದು ಬರಬೇಕು. ನಮ್ಮ ಭಾಗದ ಹಳೆಯ ಮನೆಗಳಲ್ಲಿ ಇಂಡಿಯನ್ ಪಾಯಿಖಾನೆಯೇ ಹೆಚ್ಚು, ಅದೂ ಅಂಗಳ ದಾಟಿ. ಬಿದ್ದು ಸೊಂಟ ಮುರಿಯುವುದು ಅಲ್ಲಿಗೆ ಹೋಗುವಾಗ, ಅಲ್ಲಿಂದ ಏಳುವಾಗ.

ಕೊಳ್ಳುವ ಮೊದಲು ಟೇಪು ಹಿಡಿದು ಬಚ್ಚಲಿನ ಬಾಗಿಲ ಅಗಲ ಅಳೆಯಿರಿ, ಬಾಗಿಲು ಪೂರ್ತಿ ತೆರೆದ ಮೇಲೆ ಉಳಿಯುವ ಜಾಗವನ್ನು. ಎರಡು ಅಡಿಯ ಬಾಗಿಲಲ್ಲಿ ಚೌಕಟ್ಟು, ಕದ ಕಳೆದರೆ 22 ಇಂಚು ಸಿಗುತ್ತದೆ. ಸಾಮಾನ್ಯ ವೀಲ್‌ಚೇರ್ ಹೊರ ಅಗಲ 25 ಇಂಚಿನ ಆಸುಪಾಸು. ವೀಲ್‌ಚೇರ್ ಬಾಗಿಲಲ್ಲೇ ನಿಲ್ಲುತ್ತದೆ, ಅಲ್ಲಿಂದ ಹೊತ್ತೊಯ್ಯಬೇಕಾಗುತ್ತದೆ. ಇಂಥ ಮನೆಗೆ ಗಾಲಿಯಿಲ್ಲದ, ಬಕೆಟ್ ಇರುವ ಕುರ್ಚಿಯನ್ನು ಮಂಚದ ಪಕ್ಕದಲ್ಲಿಯೇ ಇಡುವುದು ಒಳ್ಳೆಯದು. ಬಾಗಿಲು ಅಗಲವಿದ್ದರೆ ಬಕೆಟ್ ತೆಗೆದು ಅದನ್ನೇ ಇಂಡಿಯನ್ ಕಮೋಡಿನ ಮೇಲೆ ನಿಲ್ಲಿಸಬಹುದು.

ಸೀಟಿನ ಎತ್ತರ ಮೊಣಕಾಲಿನ ಎತ್ತರಕ್ಕೆ ಸರಿಯಾಗಿ ಇರಲಿ, ಬಹುತೇಕರಿಗೆ 17ರಿಂದ 19 ಇಂಚು. ಪಾದ ಪೂರ್ತಿ ನೆಲ ಮುಟ್ಟಬೇಕು. ಕಾಲಿನ ಎತ್ತರ ಹೆಚ್ಚು ಕಡಿಮೆ ಮಾಡುವ ಗುಂಡಿಗಳಿರುವ ಅಲ್ಯೂಮಿನಿಯಂ ಕುರ್ಚಿ ಬಣ್ಣ ಬಳಿದ ಕಬ್ಬಿಣದ್ದಕ್ಕಿಂತ ದುಬಾರಿ, ಆದರೂ ಅದನ್ನೇ ತನ್ನಿ. ಕಬ್ಬಿಣದ್ದು ಬಚ್ಚಲಿನಲ್ಲಿ ಬೆಸುಗೆಯ ಜಾಗದಿಂದ ತುಕ್ಕು ಹಿಡಿಯುತ್ತದೆ. ಗುಂಡಿ ನಾಲ್ಕೂ ಕಾಲಿನಲ್ಲಿ ಒಂದೇ ತೂತಿಗೆ ಕೂತಿದೆಯೇ ನೋಡಿ. ಶಹಾಬಾದ ಕಲ್ಲಿನ ನೆಲ ತಿಕ್ಕಿ ತಿಕ್ಕಿ ನುಣುಪಾಗಿರುತ್ತದೆ, ಒದ್ದೆಯಾದರೆ ಜಾರುತ್ತದೆ, ಕಲ್ಲು ಕಲ್ಲಿನ ಸಂದಿ ತಗ್ಗಿರುತ್ತದೆ. ಕಾಲಿನ ರಬ್ಬರ್ ಬುಷ್ ಸವೆದರೆ ಕುರ್ಚಿ ಹಿಂದಕ್ಕೆ ಜಾರುವುದು ಕೂರುವ ಹೊತ್ತಿನಲ್ಲಿಯೇ. ನಾಲ್ಕು ಬುಷ್ ಹೆಚ್ಚುವರಿಯಾಗಿ ಅಂದೇ ಕೊಂಡಿಡಿ. ಕುರ್ಚಿಯ ಬೆನ್ನು ಗೋಡೆಗೆ ತಾಗಿಸಿಡಿ.

ವೀಲ್‌ಚೇರ್ ಹೊಸ್ತಿಲು ದಾಟಿಸಲು ಇಳಿಜಾರು ಹಾಕಿಸುವವರು ಒಂದಕ್ಕೆ ಹನ್ನೆರಡರ ಲೆಕ್ಕ ಇಟ್ಟುಕೊಳ್ಳಿ. ನಾಲ್ಕು ಇಂಚು ಎತ್ತರಕ್ಕೆ ನಾಲ್ಕು ಅಡಿ ಉದ್ದ. ಎರಡು ಅಡಿಯ ಹಲಗೆ ಇಟ್ಟರೆ ದೂಡುವವರ ಕೈ ಸೋಲುತ್ತದೆ, ಕುರ್ಚಿ ಹಿಂದಕ್ಕೆ ಬರುತ್ತದೆ.

ಬಕೆಟ್ ತೆಗೆಯುವವರು ಯಾರು ಎಂಬುದು ಕುರ್ಚಿಯ ಜೊತೆಗೇ ತೀರ್ಮಾನವಾಗಬೇಕು. ಈ ಕುರ್ಚಿಗಳು ಕೆಡುವುದು ಕಡಿಮೆ. ಬಕೆಟ್ ಮುಟ್ಟುವವರಿಲ್ಲ ಎಂಬ ಕಾರಣಕ್ಕೆ ಅಟ್ಟ ಸೇರುವುದೇ ಹೆಚ್ಚು. ಮನೆಯ ಗಂಡುಮಕ್ಕಳು ಈ ಕೆಲಸಕ್ಕೆ ಕೈ ಹಾಕಬೇಕು, ಅದರಲ್ಲೂ ಅಪ್ಪನದಾದರೆ. ಮಾವನನ್ನು ತೊಳೆಯುವ ಕೆಲಸ ಸೊಸೆಗೆ ಬಿಟ್ಟ ಮನೆಯಲ್ಲಿ ಮಾವ ಸಂಕೋಚದಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ನೀರು ಬಿಟ್ಟರೆ ಮಲ ಕಟ್ಟುತ್ತದೆ, ಮೂತ್ರದ ಸೋಂಕು ಬರುತ್ತದೆ, ತಲೆ ಗೊಂದಲವಾಗುತ್ತದೆ. ಅದನ್ನು ಮನೆಯವರು ‘ಅರಳು ಮರಳು’ ಎನ್ನುತ್ತಾರೆ.

ರಾತ್ರಿ ಪಾಳಿಯವರು

ಏಜೆನ್ಸಿಗಳು 12 ಗಂಟೆ, 24 ಗಂಟೆ ಎಂದು ಎರಡು ಬಗೆಯಲ್ಲಿ ಜನ ಕೊಡುತ್ತವೆ. 24 ಗಂಟೆಯದು ಲೆಕ್ಕಕ್ಕೆ ಅಗ್ಗ ಅನಿಸುತ್ತದೆ. ನಾವು ಅದನ್ನು ಶಿಫಾರಸು ಮಾಡುವುದಿಲ್ಲ. ಹಗಲೆಲ್ಲ ಎತ್ತಿ ಇಳಿಸಿದ ಹೆಣ್ಣುಮಗಳು ರಾತ್ರಿ 2 ಗಂಟೆಗೆ ಏಳಲಾರಳು, ಏಳಬೇಕೆಂದು ಕೇಳುವುದೂ ನ್ಯಾಯವಲ್ಲ. ರಾತ್ರಿ 8ರಿಂದ ಬೆಳಿಗ್ಗೆ 8ರ ಪಾಳಿ ತೆಗೆದುಕೊಂಡು ಹಗಲನ್ನು ಮನೆಯವರು ಹಂಚಿಕೊಂಡರೆ ಹಾಕಿದ ದುಡ್ಡು ಸಾರ್ಥಕ. 10, 12, 2, 4, 6 ಗಂಟೆಗೆ ಮಗ್ಗುಲು ಬದಲು, ಬೆಳಿಗ್ಗೆ ಮೈ ಒರೆಸಿ ಬಟ್ಟೆ ಹಾಕಿ ಹೋಗುವುದು. ಇಷ್ಟನ್ನು ಬರೆದು ಗೋಡೆಗೆ ಅಂಟಿಸಿ.

ನರ್ಸ್ ಬೇಕೋ ಆಯಾ ಸಾಕೋ ಎಂಬುದನ್ನು ಮೊದಲೇ ಬಗೆಹರಿಸಿ. ಮೂಗಿನ ನಳಿಕೆ, ಮೂತ್ರದ ನಳಿಕೆ ಹಾಕುವುದು, ಬದಲಿಸುವುದು, ಇಂಜೆಕ್ಷನ್ ಕೊಡುವುದು ನರ್ಸ್ ಕೆಲಸ. ಆಯಾಗೆ ಅದನ್ನು ಹೇಳಬಾರದು. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು; ಇದು ಆಯಾಗೂ ಗೊತ್ತಿರಬೇಕು, ಮನೆಯವರಿಗೂ.

ಬಂದವರು ಕೆಲಸ ಬಲ್ಲವರೇ ಎಂದು ಮೊದಲ ಸಂಜೆಯೇ ತಿಳಿಯಬಹುದು. ಮುಟ್ಟುವ ಮೊದಲು ಕೈ ತೊಳೆಯುತ್ತಾರೆಯೇ? ಕೆಳಕ್ಕೆ ಜಾರಿದವರನ್ನು ಮೇಲೆ ಸರಿಸುವಾಗ ಮಂಚದ ತಲೆ ಇಳಿಸಿ, ಸೊಂಟದ ಕೆಳಗಿನ ಚಾದರವನ್ನು ಇಬ್ಬರು ಹಿಡಿದು ಎತ್ತುತ್ತಾರೆಯೇ, ಕಂಕುಳಿಗೆ ಕೈ ಹಾಕಿ ಎಳೆಯುತ್ತಾರೆಯೇ? ಪಾರ್ಶ್ವವಾಯುವಿನಿಂದ ಸೋತ ಕೈಯನ್ನು ಎಳೆದರೆ ಹೆಗಲ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಉಣಿಸುವಾಗ ಕೂರಿಸುತ್ತಾರೆಯೇ, ಉಂಡ ಮೇಲೆ ಅರ್ಧ ಗಂಟೆ ಹಾಗೆಯೇ ಕೂರಿಸುತ್ತಾರೆಯೇ? ನುಂಗಲು ಕಷ್ಟವಾದವರಿಗೆ ನೀರೇ ಎಲ್ಲಕ್ಕಿಂತ ಅಪಾಯ, ತೆಳುವಾದದ್ದು ಬೇಗ ಶ್ವಾಸನಾಳಕ್ಕಿಳಿಯುತ್ತದೆ. ಎಷ್ಟು ದಪ್ಪಗಿರಬೇಕೆಂದು ಡಾಕ್ಟರನ್ನು ಕೇಳಿಕೊಂಡು, ನುಚ್ಚನ್ನು ಮಜ್ಜಿಗೆಯಲ್ಲಿ ನುಣ್ಣಗೆ ಕಿವುಚಿ, ದಪ್ಪ ಅಂಬಲಿಯಂತೆ ಚಮಚೆಯಲ್ಲಿ ಕೊಡುವುದು ಕಟಕ ರೊಟ್ಟಿ ಮುರಿದು ಸಾರಿಗೆ ಹಾಕಿ ಕೊಡುವುದಕ್ಕಿಂತ ಸುರಕ್ಷಿತ. ರೊಟ್ಟಿಯ ಚೂರು ಒಂದು ಕಡೆ, ನೀರುಸಾರು ಒಂದು ಕಡೆ ಆಗುತ್ತದೆ.

ಒಪ್ಪಂದದಲ್ಲಿ ಕೇಳಬೇಕಾದ ಒಂದೇ ಮುಖ್ಯ ಮಾತು ರಜೆ. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಹೋಗದವರು ನಮ್ಮ ಕಡೆ ಯಾರಿದ್ದಾರೆ? ತೊಗರಿ ರಾಶಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆಮೇಲೆ ಹೋಳಿ, ಶರಣಬಸವೇಶ್ವರ ಜಾತ್ರೆ, ಯುಗಾದಿ. ಆ ದಿನಗಳಲ್ಲಿ ಬದಲಿ ಜನ ಸಿಗುವುದಿಲ್ಲ, ಏಜೆನ್ಸಿ ಏನೇ ಹೇಳಲಿ. ಹೋಗುವವರನ್ನು ತಡೆಯಬೇಡಿ. ಆ ರಾತ್ರಿಗಳಿಗೆ ಬೆಂಗಳೂರು, ಪುಣೆ, ಹೈದರಾಬಾದಿನ ಮಕ್ಕಳು ಬರುವ ಟಿಕೆಟ್ ಮೊದಲೇ ತೆಗೆಸಿಡಿ. ವರ್ಷವೆಲ್ಲ ದುಡ್ಡು ಕಳಿಸಿದವರಿಗೆ ನಾಲ್ಕು ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ನೋಡಿದ ಮೇಲೆ ಮನೆಯಲ್ಲಿರುವವರ ಮೇಲೆ ದೂರು ಕಡಿಮೆಯಾಗುತ್ತದೆ.

ಕ್ಯಾಮೆರಾ ಬಗ್ಗೆ ಒಂದು ಮಾತು. ದೂರದಿಂದ ನೋಡಲು ಹಾಕಿಸುವುದಾದರೆ ಆಯಾಗೆ, ಹಿರಿಯರಿಗೆ ಹೇಳಿಯೇ ಹಾಕಿಸಿ. ತೊಳೆಯುವ, ಬಟ್ಟೆ ಬದಲಿಸುವ ಹೊತ್ತಿನಲ್ಲಿ ಆರಿಸುವ ಸ್ವಿಚ್ ಕೈಗೆಟಕುವಂತಿರಲಿ. ಮೈ ಮುಚ್ಚದ ಹೊತ್ತಿನ ಅವ್ವನನ್ನು ಮೂರು ಊರಿನ ಮೊಬೈಲಿನಲ್ಲಿ ನೋಡುವುದು ಆರೈಕೆ ಆಗುವುದಿಲ್ಲ.

ಬಾಡಿಗೆ ಮಂಚ

ಒಂದು ಹಿಡಿಕೆಯದು ಬೆನ್ನು ಎತ್ತುತ್ತದೆ, ಎರಡರದು ಮೊಣಕಾಲನ್ನೂ ಎತ್ತುತ್ತದೆ. ಎರಡು ಹಿಡಿಕೆಯದೇ ತನ್ನಿ. ಬೆನ್ನು ಎತ್ತುವ ಮೊದಲು ಮೊಣಕಾಲು ಎತ್ತದಿದ್ದರೆ ಮೈ ಕೆಳಕ್ಕೆ ಜಾರಿ ಟೊಂಕದ ಚರ್ಮ ಒಳಗಿಂದ ಹರಿಯುತ್ತದೆ. ಮಂಚ ಸುಮಾರು ಆರೂವರೆ ಅಡಿ ಉದ್ದ, ಮೂರು ಅಡಿ ಅಗಲ. ಓಣಿಯ ತಿರುವು, ಜೀನೆ (ಮೆಟ್ಟಿಲು) ಅಳೆದು ನೋಡಿ. ಬ್ರೇಕು ಕರ್ಣರೇಖೆಯಲ್ಲಿ ಎರಡು ಗಾಲಿಗಾದರೂ ಇರಬೇಕು. ಹಿಡಿಕೆ ಬಳಸಿದ ಮೇಲೆ ಒಳಗೆ ಮಡಚಿ, ಇಲ್ಲವಾದರೆ ರಾತ್ರಿ ಎದ್ದವರ ಮೊಣಕಾಲಿಗೆ ಪೆಟ್ಟು. ಪಕ್ಕದ ಕಟಕಟೆಗೂ ಹಾಸಿಗೆಗೂ ನಡುವೆ ಕೈ, ತಲೆ ಸಿಕ್ಕುವಷ್ಟು ಸಂದಿ ಇದ್ದರೆ ಮಡಚಿದ ಹೊದಿಕೆ ತುರುಕಿ ಮುಚ್ಚಿ. ಮನೆಯ ಗಟ್ಟಿ ಹೊರಸಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡುವವರಿದ್ದಾರೆ. ಅಲುಗಾಡದಂತೆ ಕೂತರೆ ಬಾಡಿಗೆ ಉಳಿಯುತ್ತದೆ, ಬೆನ್ನಿಗೆ ದಿಂಬಿನ ಇಳಿಜಾರು ಕೊಡಬಹುದು.

ವಹಿ ಮತ್ತು ರಸೀದಿ

ಇನ್ನೂರು ಪುಟದ ಒಂದು ವಹಿ ತಂದು ಮಂಚಕ್ಕೆ ದಾರದಲ್ಲಿ ಕಟ್ಟಿ. ಗಂಟೆ, ಯಾವ ಮಗ್ಗುಲು, ಮೂತ್ರ ಎಷ್ಟು, ಮಲ ಆಯಿತೇ, ಏನು ಉಂಡರು, ಚರ್ಮ ಹೇಗಿದೆ, ಬರೆದವರ ಸಹಿ. ‘ನಾನೇ ಮಾಡಿದೆ’, ‘ನೀವೇನು ಮಾಡಿದಿರಿ’ ಎಂಬ ಮಾತಿಗೆ ವಹಿ ಉತ್ತರ ಕೊಡುತ್ತದೆ, ಡಾಕ್ಟರಿಗೂ ಅದೇ ಬೇಕು. ಕೊನೆಯ ಪುಟದಲ್ಲಿ ಖರ್ಚು. ದುಡ್ಡು ಕೊಡುವವರು ಬೇರೆ ಬೇರೆಯಾಗಿ ಅಂಗಡಿಗೆ, ಏಜೆನ್ಸಿಗೆ ಕಳಿಸದೆ ಒಂದೇ ಖಾತೆಗೆ ಹಾಕಲಿ. ರಾತ್ರಿ ಕೆಲಸ ಮಾಡುವವರ ಕೈಯಲ್ಲಿ ಸಣ್ಣ ಖರ್ಚಿಗೆ ನಗದು ಇರಲಿ. ಅಂಡರ್‌ಪ್ಯಾಡ್ ತರಲು ಭಾವನನ್ನು ಕೇಳಬೇಕಾದ ಸೊಸೆ ಎರಡು ದಿನ ಅದನ್ನೇ ಒಣಗಿಸಿ ಹಾಕುತ್ತಾಳೆ.

ಹೊಲ, ಮನೆ ಬರೆಸಿಕೊಂಡು ನೋಡದೆ ಬಿಟ್ಟ ಪ್ರಕರಣಗಳಿಗೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಅರ್ಜಿ ಕೊಡುವುದು ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ. ಕಲಬುರಗಿ ಜಿಲ್ಲೆಯಲ್ಲಿ ಕಲಬುರಗಿ ಮತ್ತು ಸೇಡಂ, ಬೀದರ್ ಜಿಲ್ಲೆಯಲ್ಲಿ ಬೀದರ್ ಮತ್ತು ಬಸವಕಲ್ಯಾಣ, ಯಾದಗಿರಿಗೆ ಯಾದಗಿರಿ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಆದೇಶಿಸಬಹುದು. ದಾನಪತ್ರ ಮಾಡಿಸುವ ಹಿರಿಯರು ‘ನನ್ನ ಊಟ, ಔಷಧ, ಆರೈಕೆ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಷರತ್ತು ಮುರಿದರೆ 23ನೇ ಕಲಮಿನಡಿ ಆ ಪತ್ರವನ್ನು ರದ್ದು ಕೇಳಲು ಅದೇ ಆಧಾರ. ಸಹಾಯವಾಣಿ 14567.

ಬಾಡಿಗೆ ಸಾಮಾನು ಹಿಂತಿರುಗಿಸುವಾಗ ಅಂಗಡಿಯವರು ಹಿಡಿಕೆ, ಗಾಲಿ, ಕಟಕಟೆಯ ಬೀಗ ನೋಡಿ ಠೇವಣಿಯಲ್ಲಿ ಹಿಡಿಯುತ್ತಾರೆ. ತಂದ ದಿನವೇ ಫೋಟೊ ತೆಗೆದಿಡಿ. ರಸೀದಿಯನ್ನು ಕಲಬುರಗಿಯಲ್ಲೇ ಇರುವವರ ಹೆಸರಿಗೆ ಬರೆಸಿ. ಪುಣೆಯವರ ಹೆಸರಲ್ಲಿದ್ದರೆ ಮಂಚ ಹೋದ ಮೇಲೂ ಠೇವಣಿ ಅಂಗಡಿಯಲ್ಲೇ ಉಳಿದಿರುತ್ತದೆ.